ಚಪ್ಪಲಿ ಹೊಲಿಯುವವನು ಸ್ಕ್ಯಾನರ್ ತಂದದ್ದು

“ಗುರುಗಳೇ, ಮನೆಗೊಂದು ಸಣ್ಣ ಸ್ಕ್ಯಾನರ್ ತರಬೇಕು ಅಂತಿದ್ದೇನೆ. ಯಾವುದನ್ನು ತರಲಿ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಜಗಲಿಯ ಮೇಲೆ ಕೂತು ನಾಳೆಯ ಪೂಜೆಗೆ ಬತ್ತಿ ಹೊಸೆಯುತ್ತಿದ್ದರು. ಮೋಕ್ಷದ ದಾರಿ ಕೇಳಿದವರಿಗೂ, ಕರು ಹಾಲು ಕುಡಿಯುತ್ತಿಲ್ಲ ಎಂದು ಬಂದವರಿಗೂ ಅವರು ಒಂದೇ ಸಮಾಧಾನದಿಂದ ಉತ್ತರ ಕೊಡುವವರು.

“ಅದು ಏನು ಮಾಡುತ್ತದಪ್ಪ?”

“ಗಾಜಿನ ಮೇಲೆ ಹಾಳೆಯನ್ನು ಬೋರಲು ಹಾಕಿ ಮುಚ್ಚಳ ಮುಚ್ಚಬೇಕು. ಕೆಳಗಡೆ ಒಂದು ಬೆಳಕು ಹರಿದು ಹೋಗುತ್ತದೆ. ಹಾಳೆಯಲ್ಲಿ ಇದ್ದದ್ದೆಲ್ಲ ಇದ್ದ ಹಾಗೇ ಕಂಪ್ಯೂಟರಿಗೆ ಇಳಿಯುತ್ತದೆ. ನಮ್ಮ ಅವ್ವ ಬರೆದಿಟ್ಟ ಹಾಡಿನ ಪುಸ್ತಕ ಒಂದಿದೆ. ಸೀಸದಕಡ್ಡಿಯಲ್ಲಿ ಬರೆದದ್ದು. ಅಕ್ಷರ ಮಾಸುತ್ತಾ ಬಂದಿದೆ. ಅವ್ವನಿಗೂ ಎಂಬತ್ತೆರಡಾಯಿತು. ಅದು ಕಣ್ಮರೆಯಾಗುವ ಮುಂಚೆ ಉಳಿಸಿಕೊಳ್ಳಬೇಕು.”

“ಒಳ್ಳೆಯ ಕೆಲಸ. ಮತ್ತೆ ತಡ ಯಾಕೆ?”

ಶಿಷ್ಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದ. ಅದರಲ್ಲಿ ಹನ್ನೊಂದು ಯಂತ್ರಗಳ ಹೆಸರಿತ್ತು. ಒಂದೊಂದರ ಮುಂದೆಯೂ ಉದ್ದ, ಅಗಲ, ತೂಕ, ವೇಗ ಬರೆದಿತ್ತು.

“ಮೂರು ತಿಂಗಳಿಂದ ನೋಡುತ್ತಿದ್ದೇನೆ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ. ಮನಸ್ಸು ನಿಲ್ಲುತ್ತಿಲ್ಲ.”

ಗುರುಗಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು. “ಹೆಣ್ಣು ನೋಡಲು ಹೋದಾಗಲೂ ನೀನು ಇಷ್ಟು ಬರೆದುಕೊಂಡಿರಲಿಲ್ಲವಲ್ಲೋ! ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಚಪ್ಪಲಿ ಹೊಲಿಯುವವನೊಬ್ಬ ಇದ್ದ. ಅವನದು ಒಂದೇ ಪದ್ಧತಿ. ಗಿರಾಕಿ ಎಂಥ ಚಪ್ಪಲಿ ಕೇಳಿದರೂ ಮೊದಲು ನೆಲದ ಮೇಲೆ ಒಂದು ಹಾಳೆ ಹಾಸಿ “ಕಾಲಿಡಿ” ಎನ್ನುವನು. ಪಾದದ ಸುತ್ತ ಸೀಸದಕಡ್ಡಿ ಆಡಿಸಿ ಗೆರೆ ತೆಗೆಯುವನು. ಆಮೇಲೆಯೇ ಚರ್ಮಕ್ಕೆ ಕೈ ಹಾಕುವುದು. ಅವಸರದವರು ಯಾರಾದರೂ “ನನ್ನದು ಎಂಟನೇ ನಂಬರು, ಕೊಡಪ್ಪ” ಎಂದರೆ, “ನಂಬರು ಪೇಟೆಯದು ಸ್ವಾಮಿ, ಕಾಲು ನಿಮ್ಮದು. ಇಡಿ” ಎನ್ನುವನು.

ಅವನ ಹೆಂಡತಿ ಬೆಳಗಾದರೆ ಬಾಗಿಲ ಮುಂದೆ ರಂಗೋಲಿ ಹಾಕುವಳು. ಬೀದಿಯಲ್ಲಿ ಹೋಗುವವರು ಅದನ್ನು ತುಳಿಯದೆ ಸುತ್ತಿ ಹೋಗುವರು. ಅವಳಿಗೆ ಅದು ತಾಯಿಯಿಂದ ಬಂದದ್ದು. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಬಿಟ್ಟುಹೋದದ್ದು ಒಂದು ಪುಸ್ತಕ. ಹಾಳೆ ಮಡಿಸಿ ದಬ್ಬಳದಲ್ಲಿ ಹೊಲಿದ ನಲವತ್ತೆರಡು ಪುಟ. ಪುಟಕ್ಕೊಂದು ರಂಗೋಲಿ, ಕೆಳಗೆ ಚುಕ್ಕಿಯ ಲೆಕ್ಕ.

ಅವರಿಗೆ ಒಬ್ಬಳೇ ಮಗಳು. ಅವಳಿಗೆ ಮದುವೆ ಗೊತ್ತಾಯಿತು. ಮಗಳು ಬುದ್ಧಿವಂತೆ, ಆದರೆ ಒಂದು ದಿನವೂ ನೆಲಕ್ಕೆ ಚುಕ್ಕಿ ಇಟ್ಟವಳಲ್ಲ. ತಾಯಿ ಊರಿಗೆ ಹೋದಾಗ ಹೊಸಿಲಿಗೆ ರಂಗೋಲಿಯ ಸ್ಟಿಕ್ಕರ್ ಅಂಟಿಸಿದ್ದಳು. ಇವಳ ಕೈಗೆ ಬಾರದೆ ಹೋದರೆ ತನ್ನ ತಾಯಿಯ ಕೈ ತನ್ನೊಂದಿಗೇ ನಿಂತುಹೋಗುತ್ತದಲ್ಲ ಎಂದು ಹೆಂಡತಿಗೆ ಒಳಗೇ ಕೊರಗು. “ಇವಳಿಗೆ ಪುಸ್ತಕದ್ದೊಂದು ಪ್ರತಿಯಾದರೂ ಮಾಡಿಸಿಕೊಡಿ” ಎಂದು ಗಂಡನಿಗೆ ಹೇಳಿದಳು. ಮದುವೆಗೆ ಹದಿನಾರು ದಿನ ಇತ್ತು.

ಮಗಳು ಫೋನಿನಲ್ಲಿ ಫೋಟೋ ತೆಗೆದಳು. ಹೊಲಿಗೆಯ ಕಡೆ ಪುಟ ಉಬ್ಬಿಕೊಂಡು ಚುಕ್ಕಿಯ ಸಾಲು ಬಾಗಿತು. ಅವಳ ಕೈಯ ನೆರಳೇ ಅರ್ಧ ರಂಗೋಲಿಯ ಮೇಲೆ ಬಿತ್ತು. ಸ್ಕ್ಯಾನರ್ ತಂದರೆ ನೇರವಾಗಿ ಬರುತ್ತದೆ ಎಂದು ಅವಳೇ ಹೇಳಿದಳು.

ಚಪ್ಪಲಿ ಹೊಲಿಯುವವನು ಪೇಟೆಗೆ ಹೋಗಿ “ಇರುವುದರಲ್ಲಿ ಒಳ್ಳೆಯದು ತೋರಿಸಿ” ಎಂದ. ಅಂಗಡಿಯವನು ಒಂದೊಂದಾಗಿ ತೋರಿಸಿದ. ಇವನು ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಬಣ್ಣಿಸಿದ. “ಒಂದಂತೂ ಅರುವತ್ತು ಹಾಳೆಯನ್ನು ಗಪಗಪನೆ ನುಂಗಿ ಆ ಕಡೆ ಉಗುಳುತ್ತದೆ. ಇನ್ನೊಂದು ಇದೆ, ಕಲೆ ಇದ್ದರೆ ಅದೇ ಒರೆಸಿಬಿಡುತ್ತದೆ.”

“ನಮ್ಮವ್ವನ ಪುಸ್ತಕ ನೋಡಿ ಏನಂದರು?”

“ಪುಸ್ತಕ ಒಯ್ದಿರಲಿಲ್ಲವಲ್ಲ.”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಊರಿನವರಿಗೆಲ್ಲ ಕಾಲಿಡಿ, ಕಾಲಿಡಿ ಅನ್ನುತ್ತೀರಿ. ನೀವು ಕಾಲು ಮನೆಯಲ್ಲಿ ಬಿಟ್ಟು ಚಪ್ಪಲಿ ತರಲು ಹೋಗಿದ್ದಿರಾ?”

ಅವನು ನಾಲಿಗೆ ಕಚ್ಚಿಕೊಂಡ. ಮಾರನೆಯ ದಿನ ಪುಸ್ತಕವನ್ನು ಒಗೆದ ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ಹೋದರು.

ಅಂಗಡಿಯವನು ಪುಸ್ತಕ ನೋಡಿದ. “ಈ ಹೊಲಿಗೆ ಬಿಚ್ಚಿ ಹಾಳೆ ಬಿಡಿಬಿಡಿ ಮಾಡಿಕೊಡಿ ಯಜಮಾನ್ರೇ. ಮೂರೇ ನಿಮಿಷ” ಎಂದ.

“ಹೊಲಿಯುವವನ ಕೈಯಲ್ಲೇ ಬಿಚ್ಚಿಸುತ್ತೀರಲ್ಲ! ಅದು ನಮ್ಮ ಅತ್ತೆ ಹಾಕಿದ ಹೊಲಿಗೆ. ಬೇರೆ ತೋರಿಸಿ” ಎಂದು ಚಪ್ಪಲಿ ಹೊಲಿಯುವವನು ಪುಸ್ತಕವನ್ನು ಹಿಂದಕ್ಕೆ ಎಳೆದುಕೊಂಡ.

ಅಂಗಡಿಯವನು ದೊಡ್ಡ ಯಂತ್ರವೊಂದರ ಗಾಜಿನ ಮೇಲೆ ಪುಟವನ್ನು ಬೋರಲು ಇಟ್ಟ. ಬೆಳಕು ಹರಿಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಪ್ರಿಂಟರಿನಿಂದ ಪ್ರತಿ ಬಂತು. ಹಳೆಯ ಕಾಗದದ ಹಳದಿ ಹೋಗಿತ್ತು. ಎಣ್ಣೆಯ ಕಲೆ ಹೋಗಿತ್ತು. ಹಾಳೆ ಹಾಲಿನ ಹಾಗೆ ಬೆಳ್ಳಗಿತ್ತು. ಗಂಡ “ಆಹಾ” ಎಂದ.

ಹೆಂಡತಿ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. “ಚುಕ್ಕಿ ಎಲ್ಲಿ?” ಎಂದಳು.

ಮೂವರೂ ಬಗ್ಗಿ ನೋಡಿದರು. ಎಳೆಗಳೆಲ್ಲ ಇದ್ದವು. ಚುಕ್ಕಿ ಒಂದೂ ಇರಲಿಲ್ಲ. ಅಂಗಡಿಯವನು ತಲೆ ಕೆರೆದುಕೊಂಡು, “ಯಂತ್ರ ಅದನ್ನು ಧೂಳು ಅಂದುಕೊಂಡು ಒರೆಸಿಬಿಟ್ಟಿದೆ ಅಮ್ಮ” ಎಂದ.

“ಅವ್ವ ಮೊದಲು ಇಟ್ಟದ್ದೇ ಚುಕ್ಕಿ ಕಣಪ್ಪ. ಎಳೆ ಬಂದದ್ದು ಆಮೇಲೆ. ಈ ಹಾಳೆ ನೋಡಿಕೊಂಡು ನನ್ನ ಮಗಳು ಎಲ್ಲಿಂದ ಶುರು ಮಾಡಬೇಕು?”

“ಒರೆಸುವುದನ್ನು ನಿಲ್ಲಿಸಬಹುದಮ್ಮ, ಅದಕ್ಕೂ ದಾರಿ ಇದೆ. ಇದು ಬಹಳ ಶಕ್ತಿಯ ಯಂತ್ರ. ಒಂದು ಅಂಗುಲದಲ್ಲಿ ಸಾವಿರಾರು ಚುಕ್ಕಿ ಹಿಡಿಯುತ್ತದೆ.”

“ಸಾವಿರ ಬೇಡಪ್ಪ. ನಮ್ಮವ್ವನ ಹದಿನೈದು ಕೊಡು, ಸಾಕು.”

ಅಂಗಡಿಯವನಿಗೂ ನಗು ಬಂತು. ಮೂಲೆಯಲ್ಲಿದ್ದ ಸಣ್ಣ ಯಂತ್ರವೊಂದನ್ನು ಎತ್ತಿಕೊಂಡು ಬಂದ. ಮಕ್ಕಳು ಪರೀಕ್ಷೆಗೆ ಒಯ್ಯುವ ರಟ್ಟಿಗಿಂತ ಸ್ವಲ್ಪ ದೊಡ್ಡದು, ಎರಡು ಬೆರಳು ದಪ್ಪ. ಕಂಪ್ಯೂಟರಿಗೆ ಸಿಕ್ಕಿಸುವ ಒಂದೇ ವೈರು, ಬೇರೆ ಕರೆಂಟು ಬೇಡ. “ಇದರಲ್ಲಿ ಜಾಣತನ ಕಡಿಮೆ. ಇಟ್ಟದ್ದನ್ನು ಇಟ್ಟ ಹಾಗೆ ಕೊಡುತ್ತದೆ, ಅಷ್ಟೇ” ಎಂದ.

ಆಗ ಚಪ್ಪಲಿ ಹೊಲಿಯುವವನಿಗೆ ತನ್ನ ಕಸುಬು ನೆನಪಾಯಿತು. ಪುಸ್ತಕವನ್ನು ತಾನೇ ಬಿಡಿಸಿ ಗಾಜಿನ ಮೇಲೆ ಇಟ್ಟ. ಪುಟದ ಸುತ್ತ ಬೆರಳು ಆಡಿಸಿ ನೋಡಿದ. ಎಲ್ಲ ಕಡೆಯೂ ಜಾಗ ಉಳಿದಿತ್ತು. ಮುಚ್ಚಳ ಒತ್ತಿದ. ಅದರ ಕೀಲು ಪುಸ್ತಕದ ದಪ್ಪಕ್ಕೆ ತಕ್ಕಷ್ಟು ಮೇಲಕ್ಕೆ ಎದ್ದುಕೊಂಡಿತು. ಬಗ್ಗಿ, ಹೊಲಿಗೆ ಬಿಗಿಯಿತೇ ಎಂದು ನೋಡಿದ. ಬಿಗಿದಿರಲಿಲ್ಲ. “ಕೂತಿತು” ಎಂದ.

ಪ್ರತಿ ಬಂತು. ಎಳೆ ಇತ್ತು, ಚುಕ್ಕಿ ಇತ್ತು, ಎಣ್ಣೆಯ ಕಲೆ ಇತ್ತು. ಅಂಚಿನಲ್ಲಿ ಅರಿಸಿನದ ಬೆರಳೊಂದರ ಗುರುತೂ ಇತ್ತು.

“ಆದರೆ ಮೊದಲೇ ಹೇಳಿಬಿಡುತ್ತೇನಮ್ಮ” ಎಂದ ಅಂಗಡಿಯವನು. “ಇದು ನಿಧಾನ. ಒಂದೊಂದೇ ಪುಟ. ಹೊಲಿದ ಪುಸ್ತಕ ಬೇರೆ. ಒಬ್ಬರು ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಕಂಪ್ಯೂಟರ್ ನೋಡುತ್ತಿರಬೇಕು. ಇಬ್ಬರು ಕೂರದೆ ಆಗುವುದಿಲ್ಲ.”

“ಇಬ್ಬರು ಕೂರಲೇಬೇಕೋ?” ಎಂದು ಹೆಂಡತಿ ಕೇಳಿದಳು.

“ಕೂರಲೇಬೇಕು.”

“ಹಾಗಾದರೆ ಇದನ್ನೇ ಕಟ್ಟಿಕೊಡಪ್ಪ.”

ಗಂಡನಿಗೆ ಅದು ಆಗ ಅರ್ಥವಾಗಲಿಲ್ಲ. ಮನೆಗೆ ಬಂದ ಮೇಲೆ ಆಯಿತು. ದಿನಾ ಸಂಜೆ ದೀಪ ಹಚ್ಚಿ ತಾಯಿ ಪುಸ್ತಕ ಬಿಚ್ಚುವಳು. ಮಗಳು ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಕೂರುವಳು. ಮೂರು ಪುಟ ಆದ ಕೂಡಲೇ ತಾಯಿ ಮುಚ್ಚಿಬಿಡುವಳು.

“ಇನ್ನೂ ನಾಲ್ಕು ಮಾಡೋಣ ಅವ್ವ, ಬೇಗ ಮುಗಿಯುತ್ತದೆ.”

“ಸಾಕು ಬಿಡು. ಯಂತ್ರಕ್ಕೆ ದಣಿವಾಗುತ್ತದೆ.”

“ಯಂತ್ರಕ್ಕೆ ಎಂಥ ದಣಿವವ್ವ!” ಎಂದು ಮಗಳು ನಕ್ಕಳು. ತಾಯಿಯ ಮುಖ ನೋಡಿದಳು. ಆಮೇಲೆ ಅವಳೂ ಅವಸರ ಮಾಡಲಿಲ್ಲ.

ಬೆಳಕು ಈ ಕೊನೆಯಿಂದ ಆ ಕೊನೆಗೆ ಹೋಗುವವರೆಗೆ ತಾಯಿಯ ಅಂಗೈ ಮುಚ್ಚಳದ ಮೇಲೆ ಇರಬೇಕು. ಎದ್ದು ಹೋಗುವ ಹಾಗಿಲ್ಲ. ಮಾತು ತಾನಾಗಿ ಬರುವುದು. ಈ ಪುಟ ಯಾವ ಹಬ್ಬದ್ದು, ಇದನ್ನು ಅಜ್ಜಿ ಯಾರ ಮನೆಯಲ್ಲಿ ನೋಡಿ ಬಂದು ಬರೆದಳು, ಚುಕ್ಕಿ ಎಲ್ಲಿಂದ ಎಣಿಸಬೇಕು.

ಒಂಬತ್ತನೆಯ ಪುಟ ಬಂದಾಗ ಮಗಳು, “ಇಲ್ಲಿ ಎಳೆ ಚುಕ್ಕಿ ಬಿಟ್ಟು ಆಚೆ ಹೋಗಿದೆಯಲ್ಲವ್ವ. ಅಜ್ಜಿ ತಪ್ಪಿದ್ದಾಳೆ” ಎಂದಳು.

“ತಪ್ಪಿದ್ದು ಅವಳಲ್ಲ, ನಾನು. ಆಗ ನನಗೆ ಒಂದೂವರೆ ವರ್ಷವಂತೆ. ಎತ್ತಿಕೋ ಅಂತ ಮೊಣಕೈ ಹಿಡಿದು ಜಗ್ಗಿದೆನಂತೆ. ಅಳಿಸು ಅಂತ ಎಷ್ಟೋ ಸಲ ಹೇಳಿದೆ. ಅವ್ವ ಅಳಿಸಲೇ ಇಲ್ಲ.”

ಮಗಳು ಆ ಪುಟವನ್ನು ಬಹಳ ಹೊತ್ತು ನೋಡಿದಳು. ಮಾರನೆಯ ಬೆಳಿಗ್ಗೆ ಎದ್ದು ಬಂದು ತಾಯಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, “ಹಿಟ್ಟಿನ ಡಬ್ಬ ಇಲ್ಲಿ ಕೊಡು” ಎಂದಳು. ಅವಳ ಚುಕ್ಕಿಯ ಸಾಲು ಹಳ್ಳ ಹರಿದ ಹಾಗೆ ಬಂತು. ತಾಯಿ ನೋಡಿಯೂ ನೋಡದವಳಂತೆ ಇದ್ದಳು.

ಹದಿನಾಲ್ಕನೆಯ ಸಂಜೆ ಪುಟಗಳು ಮುಗಿದವು. ತಂದೆ ಪ್ರತಿ ತೆಗೆಸಿಕೊಂಡು ಬಂದು ತನ್ನ ದಾರದಲ್ಲಿ, ಅತ್ತೆಯ ಹೊಲಿಗೆಯ ಹಾಗೆಯೇ ಹೊಲಿದು ಮಗಳ ಪೆಟ್ಟಿಗೆಯಲ್ಲಿ ಇಟ್ಟ. ಮದುವೆಯಾಯಿತು. ಮಗಳು ಹೋದಳು.

ಒಂದು ತಿಂಗಳು ಕಳೆದ ಮೇಲೆ ಅವನು ಬೀಗಿತ್ತಿಗೆ ಒಂದು ಜೊತೆ ಚಪ್ಪಲಿ ಹೊಲಿದುಕೊಂಡು ಮಗಳ ಮನೆಗೆ ಹೋದ. ಅವನ ಕಸುಬಿನವರ ಕಣ್ಣು ಎಲ್ಲಿ ಹೋದರೂ ಮೊದಲು ನೆಲವನ್ನೇ ನೋಡುತ್ತದೆ. ಮಗಳನ್ನು ಕಾಣುವ ಮುಂಚೆ ಬಾಗಿಲ ಮುಂದಿನ ರಂಗೋಲಿ ಕಂಡಿತು. ಹದಿನೈದು ಚುಕ್ಕಿಯದು. ಸಾಲು ನೇರವಾಗಿತ್ತು. ಬಲಗಡೆ ಒಂದು ಎಳೆ ಮಾತ್ರ ಚುಕ್ಕಿ ಬಿಟ್ಟು ಆಚೆ ಹೋಗಿತ್ತು.

ಅವನು ಅದನ್ನು ಸುತ್ತಿ, ಗೋಡೆಯ ಪಕ್ಕದಲ್ಲಿ ಅಡ್ಡಡ್ಡವಾಗಿ ನಡೆದು ಒಳಗೆ ಹೋದ.

“ಪುಸ್ತಕ ನೋಡಿಕೊಂಡು ಹಾಕಿದೆಯಾ ಮಗಳೇ?”

“ಇಲ್ಲಪ್ಪ. ಅದು ಪೆಟ್ಟಿಗೆಯಲ್ಲೇ ಇದೆ. ಇನ್ನೂ ತೆಗೆದೇ ಇಲ್ಲ.”

ಊರಿಗೆ ಬಂದು ಹೆಂಡತಿಗೆ ಹೇಳಿದ. ಅವಳು ಸ್ಕ್ಯಾನರಿನ ಗಾಜನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಕೈ ನಿಲ್ಲಿಸಿ, “ನನ್ನ ತಪ್ಪು ಸರಿಯಾಗಿ ಬಂದಿತ್ತೋ?” ಎಂದು ಕೇಳಿದಳು.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಬತ್ತಿಗೆ ಹತ್ತಿ ಎತ್ತಿಕೊಂಡರು.

ಶಿಷ್ಯನ ಮುಖ ಅರಳಿತ್ತು. ಕಾಗದವನ್ನು ತೊಡೆಯ ಮೇಲೆ ಹರಡಿ ಬೆರಳಿಟ್ಟು ಹುಡುಕಿದ. “ಹಾಗಾದರೆ ಏಳನೆಯದೇ ಸರಿ ಗುರುಗಳೇ. ಸಣ್ಣದು, ಒಂದೇ ವೈರು, ಮುಚ್ಚಳವೂ ಮೇಲಕ್ಕೆ ಏಳುತ್ತದೆ. ಅವ್ವನ ಪುಸ್ತಕವೂ ಹೊಲಿದದ್ದೇ. ನಾಳೆಯೇ ತಂದುಬಿಡುತ್ತೇನೆ.”

“ತಾರಪ್ಪ, ಒಳ್ಳೆಯದಾಗಲಿ” ಎಂದರು ಗುರುಗಳು.

ಶಿಷ್ಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದ. ಮೆಟ್ಟಿಲು ಇಳಿಯುತ್ತಿದ್ದಾಗ ಗುರುಗಳು ಬತ್ತಿಯಿಂದ ಕಣ್ಣೆತ್ತದೆ ಕೇಳಿದರು:

“ನಿಮ್ಮವ್ವನ ಪುಸ್ತಕದಲ್ಲಿ ಮೊದಲನೆಯ ಹಾಡು ಯಾವುದಪ್ಪ?”

ಶಿಷ್ಯ ಅಲ್ಲೇ ನಿಂತ. “ಅವ್ವನನ್ನು ಕೇಳಿ ಬರುತ್ತೇನೆ ಗುರುಗಳೇ” ಎಂದು ಮನೆಯ ಕಡೆ ತಿರುಗಿದ.