ಶುರುವಿನ ಮಾತು

“ಖಾಲಾ, ಮಗುವಿನ ಜೊತೆ ಆಡಿದ ಮಾತು ಲೋಕದ ಮಾತೋ, ಓದಿನ ಮಾತೋ?”

ಬುಧವಾರ ಮಧ್ಯಾಹ್ನ ಖೈರುನ್‌ಬಿಯವರ ಪಡಸಾಲೆಗೆ ಬಂದ ಸಫೂರಾ ಚಪ್ಪಲಿ ಬಿಡುವ ಮೊದಲೇ ಇದನ್ನು ಕೇಳಿದಳು. ಸೊಂಟದ ಮೇಲೆ ಎರಡು ವರ್ಷದ ಮಗಳು ಲುಬ್ನಾ. ಎದೆಗೆ ಅವುಚಿಕೊಂಡದ್ದು ಬಟ್ಟೆಯಲ್ಲಿ ಸುತ್ತಿದ, ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಹತ್ತನೆಯದು. ಖೈರುನ್‌ಬಿ ಆ ಗಲ್ಲಿಯ ಹೆಂಗಸರಿಗೆಲ್ಲ ಕುರ್‌ಆನ್ ಓದಲು ಕಲಿಸಿದವರು, ಎಲ್ಲರಿಗೂ ಖಾಲಾ, ಚಿಕ್ಕಮ್ಮ.

“ಮೊದಲು ಕೂತುಕೋ,” ಎಂದರು.

ಸಫೂರಾ ಕೂತಳು. ಅವಳ ಬಾಯಿ ಕೂರಲಿಲ್ಲ.

“ಎಲ್ಲ ನೀವೇ ಕಲಿಸಿದ್ದು. ಓದುವ ಮೊದಲು ಅಊದು ಹೇಳಬೇಕು, ಸೈತಾನನಿಂದ ಕಾಪಾಡು ಅಂತ ಅಲ್ಲಾಹನ ಆಶ್ರಯ ಬೇಡಬೇಕು. ಅಧ್ಯಾಯದ ಮೊದಲಿಗೆ ಬಿಸ್ಮಿಲ್ಲಾ ಹೇಳಬೇಕು. ಒಂಬತ್ತನೆಯ ಅಧ್ಯಾಯಕ್ಕೆ ಮಾತ್ರ ಹೇಳಬಾರದು. ನಡುವಿನಿಂದ ಶುರು ಮಾಡಿದರೆ ಹೇಳಿದರೂ ಸರಿ, ಬಿಟ್ಟರೂ ಸರಿ. ಎರಡೂ ಸರಿ ಅಂದರೆ ನನ್ನಂಥವಳು ಯಾವುದನ್ನು ಹಿಡಿಯಬೇಕು? ಓದುತ್ತಾ ಕೆಮ್ಮಿದರೆ, ಸೀನಿದರೆ ಅಡ್ಡಿಯಿಲ್ಲ. ಓದಿನ ಬಗ್ಗೆಯೇ ಏನಾದರೂ ಕೇಳಿದರೂ ಅಡ್ಡಿಯಿಲ್ಲ. ಲೋಕದ ಮಾತಾಡಿದರೆ ಮಾತ್ರ ಅಊದು ಮತ್ತೆ ಹೇಳಬೇಕು. ಆಯಿತು. ನಾನು ಓದುತ್ತಿದ್ದೇನೆ, ಇವಳು ಸೀಮೆಸುಣ್ಣ ತಿನ್ನುತ್ತಿದ್ದಾಳೆ. ‘ಉಗುಳೇ ಮಾರಾಯ್ತಿ’ ಅಂದೆ. ಅದು ಯಾವ ಮಾತು?”

“ಉಗುಳಿದಳೋ?”

“ನುಂಗಿದಳು.”

ಖೈರುನ್‌ಬಿ ನಗಲಿಲ್ಲ. ಸಫೂರಾಳ ಕಣ್ಣು ಕೆಂಪಾಗಿದ್ದುದು ಅವರಿಗೆ ಕಂಡಿತ್ತು.

ಗಲ್ಲಿಯ ಜೈತೂನ್‌ಬಿ ತೀರಿಹೋಗಿ ಹದಿಮೂರು ದಿನವಾಗಿತ್ತು. ಅವರ ಹೆಸರಿನಲ್ಲಿ ಒಂದು ಪೂರ್ತಿ ಕುರ್‌ಆನ್ ಓದಿ ಮುಗಿಸಬೇಕೆಂದು ಮೂವತ್ತು ಹೆಂಗಸರು ಮೂವತ್ತು ಭಾಗಗಳನ್ನು ಹಂಚಿಕೊಂಡಿದ್ದರು. ಶುಕ್ರವಾರ ಎಲ್ಲರೂ ಸೇರಿ ಕೊನೆಯ ಪ್ರಾರ್ಥನೆ ಮಾಡುವುದೆಂದು ಮಾತಾಗಿತ್ತು. ಇಪ್ಪತ್ತೊಂಬತ್ತು ಭಾಗ ಮುಗಿದಿದ್ದವು. ಒಂದು ಉಳಿದರೂ ಪ್ರಾರ್ಥನೆ ನಿಲ್ಲುತ್ತದೆ. ಆ ಒಂದು ಸಫೂರಾಳದು. ನಲ್ಲಿಯ ಬಳಿ ಹಸೀನಾ ಎಲ್ಲರಿಗೂ ಕೇಳುವಂತೆ ಅಂದಿದ್ದಳು, “ನಮ್ಮದೆಲ್ಲ ಶುಕ್ರವಾರಕ್ಕೆ, ಸಫೂರಾಳದು ಲೋಕ ಮುಗಿಯುವ ಕಿಯಾಮತ್ತಿಗೆ.” ಸಫೂರಾ ಬಿಟ್ಟಿರಲಿಲ್ಲ. “ಕೊಡ ತುಂಬಿತಲ್ಲ, ನಲ್ಲಿ ಜೊತೆ ಬಾಯಿಯನ್ನೂ ನಿಲ್ಲಿಸು” ಎಂದು ಬಂದಿದ್ದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಅತ್ತದ್ದು ಹಸೀನಾಳ ಮಾತಿಗಲ್ಲ. ಲುಬ್ನಾ ಹುಟ್ಟಿದಾಗ ಸಫೂರಾಳ ತಾಯಿ ದೂರದ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. ನಲವತ್ತು ದಿನ ಕರೆಯದೆ ಬಂದು ಮಗುವಿಗೆ ಎಣ್ಣೆ ತಿಕ್ಕಿ ನೀರೆರೆದವರು ಜೈತೂನ್‌ಬಿ. ಭಾಗ ಹಂಚುವ ದಿನ ಮೊದಲು ಕೈ ಚಾಚಿದವಳು ಸಫೂರಾಳೇ.

“ಎಷ್ಟು ಓದಿದ್ದೀಯ?” ಎಂದು ಖೈರುನ್‌ಬಿ ಕೇಳಿದರು.

ಸಫೂರಾ ಬಟ್ಟೆ ಬಿಚ್ಚಿ ತೋರಿಸಿದಳು. ಮೊದಲ ಪುಟದ ಅಂಚು ಬೆರಳು ತಾಗಿ ತಾಗಿ ಮಾಸಿತ್ತು. ಉಳಿದ ಪುಟಗಳು ಹೊಸದರಂತೆ ಒಂದಕ್ಕೊಂದು ಅಂಟಿಕೊಂಡಿದ್ದವು.

“ಏಳನೆಯ ಸಾಲು,” ಎಂದಳು.

“ಇಷ್ಟು ದಿನಕ್ಕೆ?”

“ಓದದೆ ಕೂತಿಲ್ಲ ಖಾಲಾ. ದಿನವೂ ಓದಿದೆ. ಓದುತ್ತಾ ಇರುವಾಗ ಇವಳು ಏನಾದರೂ ಮಾಡುತ್ತಾಳೆ, ನನ್ನ ಬಾಯಿಂದ ಮಾತು ಬೀಳುತ್ತದೆ. ಮತ್ತೆ ಅಊದು ಹೇಳುತ್ತೇನೆ. ಮತ್ತೆ ಮೊದಲ ಸಾಲಿನಿಂದ ಬರುತ್ತೇನೆ. ಶುರುವಿನ ಮಾತನ್ನು ಶುರುವಿನಲ್ಲೇ ಅಲ್ಲವೇ ಹೇಳುವುದು? ಏಳನೆಯ ಸಾಲಿಗೆ ಬರುವಷ್ಟರಲ್ಲಿ ಇವಳು ಮತ್ತೆ ಏನೋ ಬಾಯಿಗೆ ಹಾಕಿಕೊಂಡಿರುತ್ತಾಳೆ.”

ಖೈರುನ್‌ಬಿ ಒಂದು ಕಥೆ ಹೇಳತೊಡಗಿದರು.

“ಒಬ್ಬ ರೈತನಿದ್ದ. ಅವನ ಹೊಲಕ್ಕೆ ವಾರಕ್ಕೊಮ್ಮೆ ಕಾಲುವೆಯ ನೀರಿನ ಸರದಿ. ಅಂದು ಅವನ ಸರದಿ, ಹೊತ್ತು ಮುಳುಗುವವರೆಗೆ. ತಾಯಿಗೆ ಹೇಳದೆ ಅವನು ಮನೆ ಬಿಡುವವನಲ್ಲ. ‘ಅವ್ವಾ, ಹೋಗಿ ಬರುತ್ತೇನೆ’ ಎಂದ. ತಾಯಿ ತಲೆಯ ಮೇಲೆ ಕೈಯಿಟ್ಟಳು. ಗುದ್ದಲಿ ಹೊತ್ತು ಹೊರಟ.

“ದಾರಿಯಲ್ಲಿ ಒಬ್ಬ ವ್ಯಾಪಾರಿ ಸಿಕ್ಕಿ ಎತ್ತಿನ ಮಾತು ತೆಗೆದ. ಇವನೂ ನಾಲ್ಕು ಮಾತಾಡಿದ. ಮುಂದೆ ನಡೆದಾಗ ಅನುಮಾನ ಬಂತು, ಆ ನಾಲ್ಕು ಮಾತಿನಲ್ಲಿ ತಾಯಿಯ ಆಶೀರ್ವಾದ ಕಡಿದುಹೋಯಿತೇನೋ ಎಂದು. ಮನೆಗೆ ಮರಳಿದ. ‘ಅವ್ವಾ, ಹೋಗಿ ಬರುತ್ತೇನೆ’ ಎಂದ. ತಾಯಿ ಮತ್ತೆ ಕೈಯಿಟ್ಟಳು. ಎರಡನೆಯ ಸಲ ಹಳ್ಳದ ಹತ್ತಿರ ಹೋಗಿದ್ದ. ಒಬ್ಬ ಕುರುಬ ಕುರಿ ಕಂಡೆಯಾ ಎಂದ. ಇವನು ಇಲ್ಲ ಎಂದ. ಮತ್ತೆ ಮನೆಗೆ ಬಂದ.

“ಮೂರನೆಯ ಸಲ ತಾಯಿ ಕೇಳಿದಳು, ‘ನೀರು ಬಿಟ್ಟೆಯಾ?’

“‘ಇನ್ನೂ ಇಲ್ಲವ್ವ. ನಿನಗೆ ಹೇಳಲು ಬಂದೆ.’

“ಹೀಗೆ ಹೋಗುತ್ತ ಬರುತ್ತ ಹೊತ್ತು ಮುಳುಗಿತು. ನೀರಿನ ಸರದಿ ಪಕ್ಕದ ಹೊಲಕ್ಕೆ ಹೋಯಿತು. ರೈತ ಇನ್ನೂ ಹೊಸಿಲ ಮೇಲೆ ನಿಂತಿದ್ದ. ತಾಯಿ ಹೇಳಿದಳು, ‘ಮಗನೇ, ಹರಸಿ ಹರಸಿ ನನ್ನ ಕೈ ಸೋತಿತು. ನಿನ್ನ ಕಾಲು ಹೊಲ ಮುಟ್ಟಲಿಲ್ಲ.’”

ಲುಬ್ನಾ ತಾಯಿಯ ಮಡಿಲಿನಿಂದ ಜಾರಿ ಅಂಗಳದ ಮೆಟ್ಟಿಲ ಕಡೆಗೆ ಹೊರಟಿದ್ದಳು. ಸಫೂರಾ ಅದನ್ನು ಗಮನಿಸಲಿಲ್ಲ. ಅವಳಿಗೆ ರೈತನ ಮೇಲೆ ಸಿಟ್ಟು ಬಂದಿತ್ತು.

“ಅವನ ತಲೆಯಲ್ಲಿ ಇದ್ದದ್ದೇನು ಖಾಲಾ, ಹೊಟ್ಟೋ?”

“ಇರಬಹುದು. ನಿನ್ನದು ಎಷ್ಟನೆಯ ಸಾಲು ಅಂದೆ?”

ಸಫೂರಾ ತುಟಿ ಕಚ್ಚಿದಳು. ಆದರೂ ಅವಳ ಗೊಂದಲ ಹರಿಯಲಿಲ್ಲ, ಇನ್ನಷ್ಟು ಸಿಕ್ಕಾಯಿತು.

“ಹಾಗಾದರೆ ಅಊದು ಮತ್ತೆ ಹೇಳುವುದೇ ಬೇಡವೇ?”

“ಬೇಡ ಅಂದೆನೇ? ಲೋಕದ ಮಾತು ಬಂದರೆ ಹೇಳು. ಹೇಳಿ, ಬಿಟ್ಟಲ್ಲಿಂದ ಓದು.”

“ಮನಸ್ಸು ಒಪ್ಪುವುದಿಲ್ಲ. ಬಾಗಿಲಲ್ಲಿ ನಿಂತು ಬೇಡುವುದು ಬೇರೆ. ಏಳನೆಯ ಸಾಲಿನ ನಡುವೆ, ಒಂದು ಕೈಯಲ್ಲಿ ಇವಳ ಮೂಗು ಒರೆಸುತ್ತ, ಈಗಷ್ಟೇ ಬೈದ ಬಾಯಲ್ಲಿ ಕಾಪಾಡು ಅಂದರೆ ಅಲ್ಲಾಹನಿಗೆ ಕೇಳಿಸುತ್ತದೆಯೇ? ನನ್ನ ಓದು ಕೆಟ್ಟರೆ ಕೆಡಲಿ. ಜೈತೂನ್‌ಬಿಗೆ ಮುಟ್ಟುವ ಪುಣ್ಯ ನನ್ನಿಂದ ಕೆಡಬಾರದು.”

ಖೈರುನ್‌ಬಿ ಉತ್ತರ ಕೊಡುವ ಮೊದಲೇ ಅಂಗಳದಲ್ಲಿ ಧೊಪ್ಪೆಂದಿತು.

“ಅಮ್ಮೀ!”

ಸಫೂರಾ ಎದ್ದದ್ದು ಯಾವಾಗ, ಪಡಸಾಲೆ ದಾಟಿದ್ದು ಯಾವಾಗ, ಅವಳಿಗೇ ತಿಳಿಯಲಿಲ್ಲ. ಲುಬ್ನಾ ಎರಡನೆಯ ಮೆಟ್ಟಿಲ ಕೆಳಗೆ ಬೋರಲು ಬಿದ್ದಿದ್ದಳು. ಬಾಯಿಯ ತುಂಬ ಮಣ್ಣು. ಸಫೂರಾ ಎತ್ತಿ ಹೆಗಲಿಗೆ ಹಾಕಿಕೊಂಡಳು, ಮೊಣಕಾಲು ಉಜ್ಜಿದಳು, “ಕತ್ತೆ, ಕಣ್ಣು ಎಲ್ಲಿಟ್ಟಿದ್ದೆ” ಎಂದು ಬೈದಳು, ಬೈಯುತ್ತಲೇ ಮುತ್ತಿಟ್ಟಳು. ಮಗುವಿನ ಅಳು ತಗ್ಗಿತು.

ಖೈರುನ್‌ಬಿ ಕೂತಲ್ಲಿಂದಲೇ ಕೇಳಿದರು.

“ಬಿದ್ದ ಜಾಗದಿಂದಲೇ ಕೂಗಿದಳು, ತೊಟ್ಟಿಲಿಗೆ ಮರಳಿ ಹೋಗಿ ಕೂಗಲಿಲ್ಲ. ನಿನಗೆ ಕೇಳಿಸಲಿಲ್ಲವೇ ಸಫೂರಾ?”

ಸಫೂರಾ ಕೈ ತೊಳೆದು ಬಂದು ಮಗುವನ್ನು ಮಡಿಲಿಗೆ ಹಾಕಿಕೊಂಡು ಕೂತಳು, ಅಊದು ಹೇಳಿ ಏಳನೆಯ ಸಾಲಿನ ಮೇಲೆ ಬೆರಳಿಟ್ಟಳು.