ನೀರುಪೆಟ್ಟಿಗೆಯಲ್ಲಿ ನಾನೂರು ನಂಟರು

ದೇವರು ಬುದ್ಧಿ ಹಂಚುವ ದಿನ ಸೇರು ಹಿಡಿದು ನಿಂತಿದ್ದನಂತೆ. ಎಲ್ಲರೂ ನುಗ್ಗಿದರು, ಮಡಿಲು ಒಡ್ಡಿದರು, ತುಂಬಿಸಿಕೊಂಡು ಬಂದರು. ಮಂಟಿಹಳ್ಳಿಯ ಜವರನಿಗೆ ಮಾತ್ರ ಯಾರೋ ‘ಇಲ್ಲೇ ನಿಂತಿರು’ ಅಂದಿದ್ದರಂತೆ. ಅವನು ಅಲ್ಲೇ ನಿಂತಿದ್ದ. ದೇವರು ಸೇರು ಮಗುಚಿಟ್ಟು ಹೋದ ಮೇಲೂ ಅಲ್ಲೇ ನಿಂತಿದ್ದ.

ಇಪ್ಪತ್ತೆಂಟರ ವಯಸ್ಸು, ಆರಡಿ ಎತ್ತರ, ಹೇಳಿದ್ದನ್ನು ಹೇಳಿದಂತೆ ಮಾಡುವವನು. ಅದೇ ಅವನ ಗುಣ, ಅದೇ ಅವನ ರೋಗ. ಹಾಲು ಉಕ್ಕುತ್ತದೆ, ನೋಡುತ್ತಿರು ಅಂದರೆ, ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನ ತಾಯಿ ನಿಂಗಾಜಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಕುಂಕುಮ ನಿಲ್ಲುವ ಜಾಗವೇ ಸವೆದುಹೋಗಿತ್ತು.

ಆ ಊರ ಪಕ್ಕದಲ್ಲೊಂದು ಗಾಲ್ಫ್ ಮೈದಾನ. ದೊಡ್ಡ ದೊಡ್ಡ ಜನ ಬಂದು ಚಿಕ್ಕ ಚೆಂಡನ್ನು ಕೋಲಿನಲ್ಲಿ ಹೊಡೆದು ಅದಕ್ಕಿಂತ ತುಸು ದೊಡ್ಡ ಗುಂಡಿಗೆ ಬೀಳಿಸುವ ಆಟ. ಅಂಥ ಗುಂಡಿ ಹದಿನೆಂಟು, ಗುಂಡಿಗೊಂದು ಬಾವುಟ. ಗುಂಡಿಯ ಸುತ್ತ ಕರುವಿನ ಮೈಯಷ್ಟು ನಯವಾದ ಹುಲ್ಲು. ಅದಕ್ಕೆ ಗ್ರೀನು ಅನ್ನುತ್ತಾರೆ. ಆ ಗ್ರೀನಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವುದು ನಿಂಗಾಜಮ್ಮನ ಕೆಲಸ. ಹದಿನಾಲ್ಕು ವರ್ಷ ಕಿತ್ತಳು. ಕಳೆ ಮುಗಿಯಲಿಲ್ಲ, ಮಂಡಿ ಮುಗಿಯಿತು. ಅವಳಿಗಿದ್ದದ್ದು ಒಂದೇ ಆಸೆ.

‘ನನ್ ಮಗ ಒಂದು ಕುರ್ಚಿ ಮ್ಯಾಲೆ ಕೂತು ಗೇಯೋದ ನೋಡ್ಬೇಕು. ಈ ಕುಕ್ಕರುಗಾಲು ನನ್ಗೇ ಸಾಕು!’

ಒಂದು ದಿನ ಮೈದಾನಕ್ಕೆ ನೀರಿನ ಪೆಟ್ಟಿಗೆ ಬಂತು. ಮೊದಲು ಎಂಟು ಜನ ಓಡಾಡಿ ನಲ್ಲಿ ತಿರುಗಿಸುತ್ತಿದ್ದರು. ಇನ್ನು ಹಾಗಿಲ್ಲ. ಪಂಪ್ ಮನೆಯಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ಗಾಜಿನ ಮುಖ, ಮುಖದ ಮೇಲೆ ಹೆಸರುಗಳು. ಹೆಸರು ಒತ್ತಿದರೆ ಹುಲ್ಲಿನೊಳಗಿಂದ ಆ ಹೆಸರಿನ ಜೆಟ್ಟು ತಲೆ ಎತ್ತಿ ನೀರು ಚಿಮ್ಮಬೇಕು. ಗಂಟೆ ಹೇಳಿಕೊಟ್ಟರೆ ತಾನೇ ಏಳಬೇಕು, ತಾನೇ ಮಲಗಬೇಕು. ಆ ಪೆಟ್ಟಿಗೆಯ ಮುಂದೆ ಒಂದು ಕುರ್ಚಿ. ಗಾಲಿ ಇರುವ ಕುರ್ಚಿ!

ಮೈದಾನ ನೋಡಿಕೊಳ್ಳುತ್ತಿದ್ದವರು ಬೆಳ್ಯಪ್ಪ ಸಾಹೇಬರು, ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಬಂದವರು. ಅವರಿಗಿಂತ ಅರ್ಧ ಗೇಣು ಮುಂದೆ ಅವರ ಮೀಸೆ ನಡೆಯುತ್ತಿತ್ತು. ಅವರು ಹೇಳಿದರು: ‘ಈ ಕುರ್ಚಿಗೆ ಹೇಳಿದಷ್ಟೇ ಮಾಡುವ ಮನುಷ್ಯ ಬೇಕು. ಸ್ವಂತ ಬುದ್ಧಿ ಓಡಿಸಬಾರದು!’

ನಿಂಗಾಜಮ್ಮ ಕಳೆ ಬಿಟ್ಟು ಎದ್ದಳು. ‘ಹಂಗಾದ್ರೆ ನನ್ ಮಗನ್ನೇ ಕೂರಿಸ್ಕಳಿ ಸಾಯೇಬ್ರೇ! ಸ್ವಂತದ್ದು ಅಂತ ಒಂದು ಕಾಳೂ ಇಲ್ಲ!’

‘ತಪ್ಪು ಮಾಡಿದರೆ?’

‘ಅವನ ಜತೆ ನನ್ನೂ ಮನೆಗೆ ಕಳ್ಸಿ!’

ಹೀಗೆ ಒಂದು ಮಾತಿಗೆ ತಾಯಿ ಮಗ ಇಬ್ಬರ ಅನ್ನವೂ ಗಂಟು ಬಿತ್ತು.

ಪೆಟ್ಟಿಗೆ ಕೂರಿಸಲು ಪಟ್ಟಣದಿಂದ ಇಂಜಿನಿಯರ್ ಬಂದಿದ್ದ. ಅವನಿಗೆ ಆತುರ. ‘ಜೆಟ್ಟು ನಾನೂರಿವೆ. ಒಂದೊಂದಕ್ಕೂ ಒಂದು ಹೆಸರು ಬೇಕು. ನಿಮಗೆ ನೆನಪಿರುವಂಥ ಹೆಸರು ಹೇಳಿ, ನಾನು ಹಾಕುತ್ತಾ ಹೋಗ್ತೀನಿ’ ಅಂದ. ಒಂದನೇ ಗ್ರೀನು ಎಡಕ್ಕೆ, ಒಂದನೇ ಗ್ರೀನು ಬಲಕ್ಕೆ, ಅಂತ ಹೇಳುವುದಲ್ಲವೇ ಯಾರಾದರೂ? ಜವರ ಮೈದಾನ ಸುತ್ತುತ್ತಾ ಫೋನಿನಲ್ಲಿ ಹೇಳಿದ: ‘ಕಾಳವ್ವ. ಬಸಮಾವ. ಕುಂಟೇಗೌಡ. ಚೌಡಿ. ಚೌಡಿ ಗಂಡ.’ ಊರಿನ ಜನ ಮುಗಿದ ಮೇಲೆ ದನ ಹಿಡಿದ. ಇಂಜಿನಿಯರ್ ಬೆರಳು ನೋಯಿಸಿಕೊಂಡು ಎಲ್ಲ ಹಾಕಿದ, ಸಂಜೆ ಬಸ್ಸು ಹತ್ತಿದ.

ಮರುದಿನ ಸಾಹೇಬರು ಕೇಳಿದರು: ‘ಎಂಟನೇ ಗ್ರೀನಿನ ಎಡಗಡೆ ಜೆಟ್ಟು ಯಾವುದಯ್ಯಾ?’

‘ಅದು ಬಸಮಾವ ಸಾಯೇಬ್ರೇ! ಬಲಗಡೆ ಅವನ ಹೆಂಡ್ತಿ. ಇಬ್ರಿಗೂ ಆಗಕಿಲ್ಲ, ಅದ್ಕೇ ದೂರ ದೂರ ಮಡಗಿವ್ನಿ!’

ಸಾಹೇಬರು ಎರಡು ಕೈಯಲ್ಲೂ ಮೀಸೆ ಹಿಡಿದುಕೊಂಡರು. ಅಳಿಸಿ ಬರೆಯಲು ಇಂಜಿನಿಯರ್ ಇನ್ನು ಬರುವುದು ಮೂರು ತಿಂಗಳಿಗೆ. ನಿಂಗಾಜಮ್ಮ ಮಾತ್ರ ಗಾಜಿಗೆ ಕಣ್ಣು ಹಚ್ಚಿ, ಮೂರನೇ ಕ್ಲಾಸಿನಲ್ಲಿ ಕಲಿತ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಹದಿನೆಂಟನೇ ಗ್ರೀನಿನಲ್ಲಿ ದೊಡ್ಡತ್ತೆ, ಸಣ್ಣತ್ತೆ, ಸೋದರಮಾವ, ನಟ್ಟನಡುವೆ ‘ಅವ್ವ’.

‘ನನ್ನೂ ಹುಲ್ಲೊಳಗೆ ಹೂತ್ಬುಟ್ಟಾ, ಮುಂಡೇದೇ!’ ಅಂದಳು. ಬೈದಳು ಅಂತಲೇ ಇಟ್ಟುಕೊಳ್ಳಿ, ಆದರೆ ಮನೆ ಸೇರುವ ತನಕ ನಗುತ್ತಿದ್ದಳು.

ಸಾಹೇಬರು ಕೆಲಸ ಹೇಳಿಕೊಟ್ಟರು. ‘ದಿನಾ ಬೆಳಗ್ಗೆ ಆರು ಗಂಟೆಗೆ, ತಲೆಗೆ ಹತ್ತು ನಿಮಿಷ ನೀರು. ದಿನಾ!’ ಜವರ ಪೆಟ್ಟಿಗೆಗೆ ಹಾಗೇ ಹೇಳಿಕೊಟ್ಟ. ಮೂರನೇ ದಿನ ಬೆಳಗ್ಗೆ ಧೋ ಅಂತ ಮಳೆ. ಮೇಲಿನಿಂದ ಮಳೆ, ಕೆಳಗಿನಿಂದ ನಾನೂರು ನಂಟರು! ನಡುವೆ ಗೋಣಿಕೊಪ್ಪೆ ಹಾಕಿಕೊಂಡು ಜವರ. ಸಾಹೇಬರು ಕೊಡೆ ಹಿಡಿದು ಓಡಿ ಬಂದರು.

‘ಮಳೆಯಲ್ಲಿ ನೀರು ಬಿಡ್ತೀಯಲ್ಲಯ್ಯಾ!’

‘ದಿನಾ ಅಂದ್ರಿ ಸಾಯೇಬ್ರೇ! ದಿನಾ ಅಂದ್ರೆ ಇವತ್ತೂ ಬತ್ತದೆ!’

ಮನೆಯಲ್ಲಿ ನಿಂಗಾಜಮ್ಮ ಹಣೆ ಚಚ್ಚಿಕೊಂಡಳು. ‘ಅಯ್ಯೋ ನನ್ ಕರ್ಮವೇ! ಹುಲ್ಲಿನ್ ಮ್ಯಾಲೆ ನೀರು ಬೀಳೋದ ಕಂಡೇಟ್ಗೆ ಪಟ್ಟಂತ ಪೆಟ್ಟಿಗೆ ನಿಲ್ಲಿಸ್ಬೇಕು ಕಣ್ಲಾ!’

‘ಆಗ್ಲಿ ಕಣವ್ವ! ಹಂಗೇ ಮಾಡ್ತೀನಿ!’

ಮರುದಿನ ಮಳೆಯಿಲ್ಲ, ಮೋಡವಿಲ್ಲ. ಆರು ಗಂಟೆಗೆ ಜೆಟ್ಟುಗಳು ಎದ್ದವು, ನೀರು ಚಿಮ್ಮಿತು, ಹುಲ್ಲಿನ ಮೇಲೆ ಬಿತ್ತು. ಜವರ ಕಂಡ. ಪಟ್ಟಂತ ನಿಲ್ಲಿಸಿದ. ಅದರ ಮರುದಿನ ಎದ್ದವು, ಬಿತ್ತು, ನಿಲ್ಲಿಸಿದ. ಅದರ ಮರುದಿನವೂ ಎದ್ದವು, ಬಿತ್ತು, ನಿಲ್ಲಿಸಿದ. ಬಿಸಿಲೋ ಬಿಸಿಲು. ನಾಲ್ಕೇ ದಿನಕ್ಕೆ ಕರುವಿನ ಮೈಯಂಥ ಹುಲ್ಲು ಹುರುಳಿ ಹೊಟ್ಟಿನ ಬಣ್ಣಕ್ಕೆ ತಿರುಗಿತು.

‘ನೀರು ಯಾಕೆ ನಿಲ್ಲಿಸಿದೆ?’ ಅಂತ ಸಾಹೇಬರು ಗುಡುಗಿದರು.

‘ಬೀಳ್ತಾ ಇತ್ತು, ಅದ್ಕೇ ನಿಲ್ಲಿಸ್ದೆ ಸಾಯೇಬ್ರೇ!’

ನಿಂಗಾಜಮ್ಮ ಮತ್ತೆ ಹಣೆ ಚಚ್ಚಿಕೊಂಡಳು. ‘ಅಲ್ಲ ಕಣ್ಲಾ ಕೋಣ! ಮಳೆ ನೀರು ಬ್ಯಾರೆ, ನಮ್ ನೀರು ಬ್ಯಾರೆ! ಕಣ್ ಬಿಟ್ಟು ನೋಡು. ಎಲ್ಲಿ ನೆಲ ಒಣಗಿ ಬೆಳ್ಳಗಾಗದೋ ಅಲ್ಲಿಗೆ ಬುಡು, ಬೇಕಾದಷ್ಟು ಬುಡು!’

‘ಆಗ್ಲಿ ಕಣವ್ವ! ಹಂಗೇ ಮಾಡ್ತೀನಿ!’

ಈ ಮಾತು ಕೇಳಿದರೆ ಸಾಕು, ನಿಂಗಾಜಮ್ಮನ ಕೈ ತಾನಾಗೇ ಹಣೆಗೆ ಹೋಗುತ್ತಿತ್ತು.

ಗ್ರೀನುಗಳ ಪಕ್ಕದಲ್ಲಿ ಮರಳಿನ ಹೊಂಡಗಳಿವೆ. ಆಟಗಾರರ ಚೆಂಡು ಬಿದ್ದು ಅವರು ಒದ್ದಾಡಲಿ ಅಂತಲೇ ಮಾಡಿರುವ ಹೊಂಡಗಳು. ಜವರ ಕಣ್ಣು ಬಿಟ್ಟು ನೋಡಿದ. ಇಡೀ ಮೈದಾನದಲ್ಲಿ ಅದಕ್ಕಿಂತ ಒಣಗಿದ್ದು, ಅದಕ್ಕಿಂತ ಬೆಳ್ಳಗಿದ್ದದ್ದು ಇನ್ನೊಂದಿಲ್ಲ! ಅತ್ತೆಮಾವಂದಿರ ಮೂತಿಯನ್ನೆಲ್ಲ ಮರಳಿನ ಕಡೆಗೆ ತಿರುಗಿಸಿ ಬೇಕಾದಷ್ಟು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಹೊಂಡ ಕೆರೆಯಾಯಿತು. ಎಲ್ಲಿಂದ ಬಂದವೋ, ಕಪ್ಪೆಗಳೂ ಬಂದವು. ದಪ್ಪ ಹೊಟ್ಟೆಯ ಆಟಗಾರರೊಬ್ಬರು ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಿನಲ್ಲಿ ಚೆಂಡು ತಡಕುತ್ತಿದ್ದರು.

‘ಇದು ಗಾಲ್ಫ್ ಮೈದಾನವೋ, ಭತ್ತದ ಗದ್ದೆಯೋ!’

‘ಗದ್ದೆ ಆಗ್ಬೇಕಾದ್ರೆ ಇನ್ನೂ ಒಂದು ಗಂಟೆ ಬುಡ್ಬೇಕು ಸಾಯೇಬ್ರೇ. ಬುಡ್ಲಾ?’

ಸಾಹೇಬರ ಮೀಸೆ ನಡುಗಿತು. ‘ನಿಂಗಾಜಮ್ಮ! ಬರುವ ಭಾನುವಾರ ಕಪ್ ಪಂದ್ಯ. ಕ್ಲಬ್ಬಿನ ಅಧ್ಯಕ್ಷರೇ ಆಡ್ತಾರೆ. ಅವತ್ತು ಒಂದು ಹನಿ ಬೀಳಬಾರದ ಕಡೆ ಬಿತ್ತೋ, ಸೋಮವಾರ ನೀವಿಬ್ಬರೂ ಬರಬೇಡಿ!’

ಆ ಸಂಜೆ ನಿಂಗಾಜಮ್ಮನಿಗೆ ಹಣೆ ಚಚ್ಚಿಕೊಳ್ಳುವ ಮನಸ್ಸೂ ಬರಲಿಲ್ಲ. ಮುದ್ದೆ ಮುರಿಯದೆ ಕೂತಳು. ಹದಿನಾಲ್ಕು ವರ್ಷದ ಕೆಲಸ ಅವನ ಬೆರಳ ತುದಿಯಲ್ಲಿ ನಿಂತಿತ್ತು, ಆ ಬೆರಳೋ ಸಾರಿನಲ್ಲಿತ್ತು. ಯೋಚಿಸಿ ಯೋಚಿಸಿ, ಎಲ್ಲೂ ಸಂದು ಬಿಡದೆ ಹೇಳಿದಳು: ‘ಮಗಾ, ನೆಟ್ಟಗೆ ಕೇಳುಸ್ಕೊ. ಗ್ರೀನಿನ ಮ್ಯಾಲೆ ಯಾವುದು ಬಾಡಿ, ಕತ್ತು ಬಗ್ಗಿಸ್ಕಂಡು, ಅಲ್ಲಾಡ್ದೆ ನಿಂತಿರ್ತದೋ, ಅದಕ್ಕೆ ನೀರು ಬುಡು. ತಲೆ ಎತ್ಕಂಡು ನಿಂತಿರೋದಕ್ಕೆ ಬ್ಯಾಡ. ಆಯ್ತಾ?’

‘ಆಗ್ಲಿ ಕಣವ್ವ! ಹಂಗೇ ಮಾಡ್ತೀನಿ!’

ಶುಕ್ರವಾರ ಜವರ ಬಾಡಿದ ಹುಲ್ಲಿಗೆ ನೀರು ಬಿಟ್ಟ. ಶನಿವಾರವೂ ಬಿಟ್ಟ. ಹುಲ್ಲು ಚಿಗುರಿ ತಲೆ ಎತ್ತಿತು! ಸಾಹೇಬರು ನಕ್ಕರು! ನಿಂಗಾಜಮ್ಮ ಮಾರಮ್ಮನಿಗೆ ಒಂದು ಕಾಯಿ ಒಡೆದು, ಇನ್ನೊಂದನ್ನು ಸೋಮವಾರಕ್ಕೆ ಅಂತ ಕೈಯಲ್ಲೇ ಇಟ್ಟುಕೊಂಡಳು.

ಭಾನುವಾರ ಬಂತು. ಸಂಜೆ ನಾಲ್ಕು ಗಂಟೆ, ಕೊನೆಯ ಗುಂಡಿ, ಹದಿನೆಂಟನೆಯ ಗ್ರೀನು. ಪಕ್ಕದ ಬೂರುಗದ ಮರದಲ್ಲಿ ಮೊರದಗಲದ ಹೆಜ್ಜೇನು. ಒಬ್ಬ ಆಟಗಾರ ದೂರದಿಂದ ಹೊಡೆದ ಚೆಂಡು ದಾರಿ ತಪ್ಪಿ ಮರಕ್ಕೆ ಹೋಯಿತು, ಟಪ್ ಅಂತ ಜೇನಿಗೆ ತಗುಲಿತು. ಅತ್ತ ಯಾರೂ ನೋಡಲಿಲ್ಲ. ಇತ್ತ ಅಧ್ಯಕ್ಷರು ಕೊನೆಯ ಏಟಿಗೆ ಕೋಲು ಹಿಡಿದಿದ್ದರು. ಕತ್ತು ಬಗ್ಗಿಸಿ ಚೆಂಡನ್ನೇ ನೋಡುತ್ತಿದ್ದರು. ಸುತ್ತ ನಿಂತ ಆಟಗಾರರೂ ಕತ್ತು ಬಗ್ಗಿಸಿದರು. ಸಾಹೇಬರೂ ಕತ್ತು ಬಗ್ಗಿಸಿದರು, ಅವರ ಮೀಸೆಯೂ ಬಗ್ಗಿತು. ಯಾರೂ ಅಲ್ಲಾಡರು, ಯಾರೂ ಉಸಿರಾಡರು.

ಪಂಪ್ ಮನೆಯ ಕಿಟಕಿಯಿಂದ ಜವರ ನೋಡಿದ. ‘ಅಯ್ಯೋ ಪಾಪ! ಎಲ್ರೂ ಬಾಡ್ಬುಟ್ಟವ್ರೆ!’

ದೊಡ್ಡತ್ತೆ ಒತ್ತಿದ, ಸಣ್ಣತ್ತೆ ಒತ್ತಿದ, ಸೋದರಮಾವನ್ನ ಒತ್ತಿದ, ಅವ್ವನ್ನೂ ಒತ್ತಿದ!

ಗ್ರೀನಿನ ಅಂಚಿನಲ್ಲಿ ನಿಂತಿದ್ದ ನಿಂಗಾಜಮ್ಮನಿಗೆ ಎರಡೂ ಒಟ್ಟಿಗೇ ಕಂಡವು. ಮೇಲಿನಿಂದ ಕರಿಮೋಡದ ಹಾಗೆ ಎದ್ದು ಬರುತ್ತಿರುವ ಹೆಜ್ಜೇನು, ಕೆಳಗಿನಿಂದ ಎದ್ದ ನೀರು. ‘ಜೇನು! ಜೇನು! ನೀರು ಬುಟ್ಟು ಹೊರಗೆ ಬರಬ್ಯಾಡಿ!’ ಅಂತ ಕಿರುಚಿ ತಾನೂ ನೀರಿನೊಳಕ್ಕೇ ನುಗ್ಗಿದಳು. ಜೇನು ನೀರಿನ ಸುತ್ತ ಗುಂಯ್‌ಗುಟ್ಟಿತು, ನೆನೆಯಿತು, ಬೇಸತ್ತು ಮರಕ್ಕೆ ಮರಳಿತು. ಇಪ್ಪತ್ತು ಜನ ಒದ್ದೆ ಕೋಳಿಗಳಂತೆ ನಿಂತಿದ್ದರು, ಒಬ್ಬರಿಗೂ ಒಂದು ಮುಳ್ಳು ನಾಟಿರಲಿಲ್ಲ. ಅಧ್ಯಕ್ಷರ ಚೆಂಡು ನೀರಿನ ರಭಸಕ್ಕೆ ಉರುಳಿಕೊಂಡು ತಾನಾಗೇ ಗುಂಡಿಗೆ ಬಿದ್ದಿತ್ತು!

‘ಯಾರಪ್ಪಾ ಅದು ಪೆಟ್ಟಿಗೆಯ ಮುಂದೆ? ಬೃಹಸ್ಪತಿ!’ ಅಂದರು ಅಧ್ಯಕ್ಷರು.

ಸಾಹೇಬರು ಜವರನನ್ನು ತಬ್ಬಿಕೊಂಡರು. ‘ಭೇಷ್ ಜವರಾ! ಇವತ್ತು ಏನೇನು ಆಯ್ತೋ, ನಾಳೆಯಿಂದ ದಿನಾ ಹಾಗೇ ಆಗಬೇಕು!’

‘ಆಗ್ಲಿ ಸಾಯೇಬ್ರೇ! ಹಂಗೇ ಮಾಡ್ತೀನಿ!’

ನಿಂಗಾಜಮ್ಮನಿಗೆ ಸಂತೋಷದಲ್ಲಿ ಕಣ್ಣು ತುಂಬಿ ಬಂತು. ಅದರಿಂದಲೇ ಆ ಮಾತು ಅವಳ ಕಿವಿಯೊಳಗೆ ಇಳಿಯಲಿಲ್ಲ.

ಸೋಮವಾರ ಸಂಜೆ ನಾಲ್ಕು ಗಂಟೆ. ಸಾಹೇಬರು ಹದಿನೆಂಟನೆಯ ಗ್ರೀನಿನಲ್ಲಿ ನಿಂತು ಟೀ ಕುಡಿಯುತ್ತಿದ್ದರು, ನಿಂಗಾಜಮ್ಮ ಪಂಪ್ ಮನೆಯ ಬಾಗಿಲಲ್ಲಿ ಕಳೆ ಕೀಳುತ್ತಿದ್ದಳು. ಜವರ ಕುರ್ಚಿಯಿಂದ ಎದ್ದ. ಜೇಬಿನಿಂದ ಒಂದು ಚೆಂಡು ತೆಗೆದ. ಬೂರುಗದ ಮರದ ಬುಡಕ್ಕೆ ಹೋದ. ಗುರಿಯಿಟ್ಟ.

‘ಏನ್ಲಾ ಅದು!’

‘ಮೊದ್ಲು ಚೆಂಡು ಕಣವ್ವ! ಆಮೇಲೆ ಜೇನು, ಆಮೇಲೆ ನೀರು!’

ಟಪ್! ಗುಂಯ್! ಸಾಹೇಬರು ಟೀ ಎಸೆದು ಗ್ರೀನಿನ ಸುತ್ತ ಓಡತೊಡಗಿದರು. ಜವರ ಅವರ ಹಿಂದೆಯೇ ಓಡುತ್ತಾ ಗೋಗರೆದ: ‘ಸಾಯೇಬ್ರೇ, ನಿಂತ್ಕಳಿ! ಕತ್ತು ಬಗ್ಗಿಸ್ಕಳಿ! ಬಗ್ಗಿಸ್ದಿದ್ರೆ ನೀರು ಬುಡಂಗಿಲ್ಲ, ಅವ್ವ ಹೇಳವ್ಳೆ!’

ನಿಂಗಾಜಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಮಂಡಿನೋವು ಮರೆತು ಪಂಪ್ ಮನೆಗೆ ನುಗ್ಗಿದಳು. ಮೊದಲ ಸಲ ಆ ಕುರ್ಚಿಯ ಮೇಲೆ ಕೂತಳು. ಗಾಜು ನೋಡಿದಳು. ನಾನೂರೂ ಬಲ್ಲ ಹೆಸರೇ! ‘ದೊಡ್ಡತ್ತೆ, ಏಳು! ಸಣ್ಣತ್ತೆ, ಏಳು! ಅಣ್ಣಾ, ಏಳು!’ ಅಂತ ಒತ್ತಿದಳು. ಕೊನೆಗೆ ಅವ್ವನನ್ನು ಒತ್ತಿದಳು. ನೀರೆದ್ದಿತು. ಸಾಹೇಬರು ಉಳಿದರು. ಮೀಸೆಯ ಎಡತುದಿಗೆ ಎರಡು ಮುಳ್ಳು ನಾಟಿದ್ದು ಬಿಟ್ಟರೆ ಬೇರೇನಿಲ್ಲ.

ತೊಟ್ಟಿಕ್ಕುತ್ತಾ ಒಳಗೆ ಬಂದ ಸಾಹೇಬರು ಕುರ್ಚಿಯ ಮೇಲೆ ಕೂತ ನಿಂಗಾಜಮ್ಮನನ್ನು ಕಂಡರು. ಅವಳು ಗಡಬಡಿಸಿ ಏಳಹೋದಳು.

‘ಏಳಬೇಡಿ! ಈ ಪೆಟ್ಟಿಗೆಯ ನಂಟಸ್ತಿಕೆ ತಿಳಿದವರು ನೀವೊಬ್ಬರೇ. ಇನ್ನು ಈ ಕುರ್ಚಿ ನಿಮ್ಮದು. ಕಳೆ ಕೀಳೋಕೆ ಅವನನ್ನು ಹಾಕಿ!’

ನಿಂಗಾಜಮ್ಮ ಕುರ್ಚಿಯಲ್ಲಿ ಸರಿಯಾಗಿ ಹಿಂದಕ್ಕೆ ಒರಗಿದಳು. ಗಾಲಿ ಒಂದು ಚೂರು ಉರುಳಿತು. ಅವಳಿಗೆ ನಗು ಬಂತು, ಅಳುವೂ ಬಂತು. ಮಗನನ್ನು ಕೂರಿಸಬೇಕೆಂದಿದ್ದ ಕುರ್ಚಿಯಲ್ಲಿ ಅವಳ ಮಂಡಿ ಹದಿನಾಲ್ಕು ವರ್ಷದ ಮೇಲೆ ಹಗುರಾಗಿತ್ತು.

ಮಾರನೆಯ ಬೆಳಗ್ಗೆ ಕೂತಲ್ಲಿಂದಲೇ ಮಗನಿಗೆ ಬುದ್ಧಿ ಹೇಳಿದಳು: ‘ಕೆಲಸ ಸುಲಭ ಕಣ್ಲಾ. ಹದಿನೆಂಟು ಗ್ರೀನೂ ಸುತ್ತು. ಹುಲ್ಲಿನ ಮಧ್ಯೆ ಹುಲ್ಲಲ್ದೇ ಇರೋದು ಏನ್ ಕಂಡ್ರೂ ಬೇರ್ ಸಮೇತ ಕಿತ್ತು ತಂದು ನನ್ ಮುಂದೆ ಹಾಕು!’

‘ಆಗ್ಲಿ ಕಣವ್ವ! ಹಂಗೇ ಮಾಡ್ತೀನಿ!’

ಸಂಜೆ ಪಂಪ್ ಮನೆಯ ಮುಂದೆ ದೊಪ್ಪಂತ ಸದ್ದಾಯಿತು. ನಿಂಗಾಜಮ್ಮ ಕುರ್ಚಿ ಉರುಳಿಸಿಕೊಂಡು ಬಾಗಿಲಿಗೆ ಬಂದಳು. ಹದಿನೆಂಟು ಬಾವುಟ ಕಂತೆ ಕಟ್ಟಿ ಬಿದ್ದಿದ್ದವು. ಗುಂಡಿಯೊಳಗೆ ಹೂತಿದ್ದ ಹದಿನೆಂಟು ಕಬ್ಬಿಣದ ಬಟ್ಟಲೂ ಇದ್ದವು, ಮಣ್ಣು ಮೆತ್ತಿಕೊಂಡು. ಜವರ ಬೆವರು ಒರೆಸಿಕೊಂಡು ಹಲ್ಲು ಕಿರಿದ.

‘ಭಾರಿ ಗಟ್ಟಿ ಬೇರು ಕಣವ್ವ! ಗುದ್ದಲಿ ಹಾಕಿ ಅಗೆಯಬೇಕಾಯ್ತು!’