ಸಿಹಿಮಾತು ಕಲಿತ ಕಾವಲು ಮುಸುವ

ಮಕ್ಕಳೇ, ಹತ್ತಿರ ಬನ್ನಿ. ಇವತ್ತಿನ ಕತೆ ಕೇಳಿ ಯಾರಿಗಾದರೂ ಅಳು ಬಂದರೆ ನನ್ನನ್ನು ಬೈಯಬೇಡಿ. ಬೈಯಲೇಬೇಕಿದ್ದರೆ ಆ ಮುಸುವನನ್ನು ಬೈಯಿರಿ. ಎಷ್ಟು ಸಲ ಹೇಳಿದರೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಅಯ್ಯೋ ಪಾಪ ಅನ್ನಿಸುತ್ತದೆ.

ಒಂದು ಕಾಡು. ಕಾಡಿನ ನಡುವೆ ಒಂದು ಕೆರೆ. ಕೆರೆಯ ಪಕ್ಕದಲ್ಲಿ ಹುಲ್ಲುಗಾವಲು, ಅದರ ಅಂಚಿನಲ್ಲಿ ಒಂದು ದೊಡ್ಡ ಮತ್ತಿ ಮರ. ಆ ಮರದ ತುದಿಯಲ್ಲಿ ಬೋರಣ್ಣನೆಂಬ ಮುಸುವ ಕೂರುತ್ತಿದ್ದ. ಮುಸುವ ಗೊತ್ತಲ್ಲ, ಕಪ್ಪು ಮುಖದ, ಉದ್ದ ಬಾಲದ ಕೋತಿ. ಮರದ ಕೆಳಗೆ ಚುಕ್ಕೆ ಜಿಂಕೆಗಳ ಹಿಂಡು ಮೇಯುತ್ತಿತ್ತು.

ಅವರ ನಡುವೆ ಹಿಂದಿನಿಂದ ನಡೆದುಬಂದ ಒಪ್ಪಂದವೊಂದಿತ್ತು. ಮೇಲೆ ಕೂತವನಿಗೆ ದೂರದ್ದೆಲ್ಲ ಕಾಣುತ್ತದೆ, ಹುಲ್ಲಿಗೆ ತಲೆ ತಗ್ಗಿಸಿದ ಜಿಂಕೆಗೆ ಕಾಣುವುದಿಲ್ಲ. ಹಾಗಾಗಿ ಹುಲಿ ಬಂದರೆ ಬೋರಣ್ಣ ಕೂಗಬೇಕು. ಅವನು ಕೆಳಗಿಳಿದು ನೀರು ಕುಡಿಯುವಾಗ ಜಿಂಕೆಗಳು ಸುತ್ತ ನಿಂತು, ಮೂಗರಳಿಸಿ, ಅವನನ್ನು ಕಾಯಬೇಕು. ಅಷ್ಟೇ.

ಅವನ ಕೂಗೋ, ದೇವರೇ ಗತಿ. ಗಂಟಲಲ್ಲಿ ಕಲ್ಲು ಸಿಕ್ಕಿಕೊಂಡವನು ಕೆಮ್ಮಿದ ಹಾಗೆ, "ಖ್ಹಕ್! ಖ್ಹಕ್!" ಎಂದು ಒದರುತ್ತಿದ್ದ. ಆದರೆ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಜಿಂಕೆಗಳು ಯಾಕೆ, ಏನು ಎಂದು ಕೇಳದೆ ಕಾಲಿಗೆ ಬುದ್ಧಿ ಹೇಳುತ್ತಿದ್ದವು. ಹುಲಿ ಮುಖ ಸಿಂಡರಿಸಿಕೊಂಡು ವಾಪಸು ಹೋಗುತ್ತಿತ್ತು.

ಕೆಲಸ ಚೆನ್ನಾಗಿಯೇ ನಡೆದಿತ್ತು. ಬೋರಣ್ಣನಿಗೆ ಇದ್ದದ್ದು ಒಂದೇ ಕಾಯಿಲೆ, ಎಲ್ಲರೂ ತನ್ನನ್ನು ಮೆಚ್ಚಬೇಕು ಅನ್ನುವುದು. ಯಾರಾದರೂ ಅವನನ್ನು ನೋಡಿ ಮುಖ ಗಂಟು ಹಾಕಿದರೆ ಸಾಕು, ಆ ದಿನ ಅವನಿಗೆ ಎಳೆ ಚಿಗುರೂ ರುಚಿಸುತ್ತಿರಲಿಲ್ಲ.

ಹಿಂಡಿನಲ್ಲಿ ಸಣ್ಣಮ್ಮ ಎಂಬ ಜಿಂಕೆ ಇದ್ದಳು. ಅವಳಿಗೆ ಚಿಟ್ಟಿ ಎಂಬ ಪುಟ್ಟ ಮರಿ. ಒಂದು ಮಧ್ಯಾಹ್ನ ಬೋರಣ್ಣ ಹುಲಿಯನ್ನು ಕಂಡು ಕೂಗಿದ. ಎಲ್ಲರ ಪ್ರಾಣವೂ ಉಳಿಯಿತು. ಆದರೆ ನಿದ್ದೆಯಲ್ಲಿದ್ದ ಚಿಟ್ಟಿ ಬೆಚ್ಚಿಬಿದ್ದು ಸಂಜೆವರೆಗೂ ನಡುಗಿತು. ಸಣ್ಣಮ್ಮ ಮರದ ಬುಡಕ್ಕೆ ಬಂದು ಹೇಳಿದಳು: "ಅಣ್ಣಾ, ನಿನ್ನ ದನಿ ಕೇಳಿದರೆ ಮಗುವಿಗೆ ಎದೆ ಒಡೆದುಹೋಗುತ್ತದೆ. ಇದೇ ಮಾತನ್ನು ಸ್ವಲ್ಪ ಮೆತ್ತಗೆ ಹೇಳಬಾರದೇ?"

ಅವಳು ಬಾಯಿ ಬಿಟ್ಟಳೋ ಇಲ್ಲವೋ, ಉಳಿದವರಿಗೂ ನಾಲಿಗೆ ಬಂತು. ತನ್ನ ಕುಣಿತ ಅರ್ಧಕ್ಕೇ ನಿಂತುಹೋಗುತ್ತದೆಂದು ನವಿಲು ಗೊಣಗಿತು. ಇವನು ಯಾವಾಗ ನೋಡಿದರೂ ಕೆಟ್ಟ ಸುದ್ದಿಯನ್ನೇ ತರುತ್ತಾನೆ ಎಂದು ಮೊಲ ಹೇಳಿತು. ಅಲ್ಲ, ಇವರ ಪ್ರಾಣ ಕಾಪಾಡಿದ್ದಕ್ಕೆ ಸಿಕ್ಕ ಬಹುಮಾನ ನೋಡಿ. ಬೋರಣ್ಣನ ಮುಖ ಇನ್ನಷ್ಟು ಕಪ್ಪಾಯಿತು.

ಆ ದಿನಗಳಲ್ಲಿ ಕಾಡಿಗೆ ಹೊಸದಾಗಿ ಒಂದು ಮೈನಾ ಹಕ್ಕಿ ಬಂದಿತ್ತು. ಹೆಸರು ಸುಭಾಷಿಣಿ. ಪಟ್ಟಣದ ಒಂದು ತರಬೇತಿ ಕೇಂದ್ರದ ಜಗುಲಿಯಲ್ಲಿ ಪಂಜರದೊಳಗೆ ಬೆಳೆದವಳು. ಒಳಗಡೆ ಕೋಟು ಹಾಕಿಕೊಂಡ ಮೇಷ್ಟರೊಬ್ಬರು ಕೆಲಸದಲ್ಲಿ ಮೇಲೆ ಬರುವುದು ಹೇಗೆ, ಜನರ ಮನಸ್ಸು ಗೆಲ್ಲುವುದು ಹೇಗೆ ಎಂದು ದಿನವಿಡೀ ಪಾಠ ಮಾಡುತ್ತಿದ್ದರಂತೆ. ಪಂಜರದ ಬಾಗಿಲು ಹಾಕಲು ಯಾರೋ ಮರೆತ ದಿನ ಇವಳು ಹಾರಿ ಬಂದಳು. ಈಗ ಕಾಡಿನವರೆಲ್ಲ ಅವಳ ಹತ್ತಿರ ಸಲಹೆ ಕೇಳುತ್ತಿದ್ದರು. ಸುಳ್ಳೇಕೆ ಹೇಳಲಿ, ಕೆಲವರಿಗೆ ಉಪಕಾರವೂ ಆಗಿತ್ತು. ಕಷ್ಟದ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ ಎಂದು ಅವಳು ಹೇಳಿದ್ದನ್ನು ಕೇಳಿ ಸೋಮಾರಿ ಅಳಿಲು ಮಳೆಗಾಲಕ್ಕೆ ಮೊದಲೇ ಗೂಡು ಕಟ್ಟಿಕೊಂಡಿತ್ತು.

ಬೋರಣ್ಣ ಅವಳ ಮುಂದೆ ಕೂತು ತನ್ನ ಗೋಳೆಲ್ಲ ಹೇಳಿಕೊಂಡ. ಸುಭಾಷಿಣಿ ಕತ್ತು ಓರೆ ಮಾಡಿ, ಗಂಭೀರವಾದ ದನಿಯಲ್ಲಿ ಹೇಳಿದಳು:

"ಕೆಟ್ಟ ಸುದ್ದಿಯನ್ನು ಎಂದೂ ನೇರವಾಗಿ ಹೇಳಬೇಡಿ. ಮೊದಲು ಒಂದು ಹೊಗಳಿಕೆ. ನಡುವೆ ಸುದ್ದಿ. ಕೊನೆಗೆ ಇನ್ನೊಂದು ಹೊಗಳಿಕೆ. ಮುಖದಲ್ಲಿ ಸದಾ ನಗು ಇರಲಿ."

ಬೋರಣ್ಣ ದಡ್ಡನೇನಲ್ಲ. ಒಂದು ಕ್ಷಣ ತಲೆ ಕೆರೆದುಕೊಂಡು ಕೇಳಿದ: "ಅಷ್ಟೆಲ್ಲ ಹೇಳುವಷ್ಟು ಹೊತ್ತು ಇಲ್ಲದಿದ್ದರೆ?"

"ಬಹಳ ಒಳ್ಳೆಯ ಪ್ರಶ್ನೆ," ಎಂದಳು ಸುಭಾಷಿಣಿ.

ಅವನು ಹಿಗ್ಗಿಹೋದ. ಹುಟ್ಟಿದಾಗಿನಿಂದ ಯಾರೂ ಅವನ ಬಾಯಿಂದ ಬಂದದ್ದನ್ನು ಒಳ್ಳೆಯದು ಎಂದಿರಲಿಲ್ಲ. ಆ ಖುಷಿಯಲ್ಲಿ, ಕೇಳಿದ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲವಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ನಿಮಗೆ ಹೊಳೆಯಿತೇ? ಹೊಳೆದಿದ್ದರೆ ಒಳ್ಳೆಯದು, ನೆನಪಿಟ್ಟುಕೊಳ್ಳಿ.

ಅಂದಿನಿಂದ ಅಭ್ಯಾಸ ಶುರುವಾಯಿತು. ಕೆರೆಯ ನೀರಿನಲ್ಲಿ ಮುಖ ನೋಡಿಕೊಂಡು ಹಲ್ಲು ಕಿರಿಯುವುದೇನು, ದನಿಯನ್ನು ಬೆಣ್ಣೆಯ ಹಾಗೆ ಮಾಡಿಕೊಳ್ಳುವುದೇನು. ಕೆರೆಯ ದಡ ಕೆಸರಾಗಿ ಕಾಲು ಹೂತುಕೊಳ್ಳುತ್ತಿದ್ದ ಒಂದು ಬೆಳಿಗ್ಗೆ, ಅವನು ಮೊದಲು ಜಿಂಕೆಗಳ ನಡಿಗೆಯನ್ನು ಹೊಗಳಿದ, ನಡುವೆ ಕೆಸರಿನ ವಿಷಯ ತಿಳಿಸಿದ, ಕೊನೆಗೆ ಅವುಗಳ ಕಣ್ಣನ್ನು ಹೊಗಳಿದ. ಹಿಂಡಿಗೆ ಹಿಂಡೇ ಖುಷಿಪಟ್ಟಿತು. ಚಿಟ್ಟಿ ಬೆಚ್ಚಲಿಲ್ಲ. ಈಗ ನೋಡು, ಎಷ್ಟು ಹಿತವಾಗಿ ಹೇಳಿದೆ ಎಂದು ಸಣ್ಣಮ್ಮ ಬಾಯಿ ತುಂಬ ಮೆಚ್ಚಿದಳು. ಬೇಡಪ್ಪ ಇದು ಎಂದವರು ಒಬ್ಬರೂ ಇರಲಿಲ್ಲ.

ಹಾಗೇ ಇರುವಾಗ ಒಂದು ಸಂಜೆ. ಬಿಸಿಲು ಇಳಿದಿತ್ತು. ಗಾಳಿ ಜಿಂಕೆಗಳ ಕಡೆಯಿಂದ ಹುಲ್ಲುಗಾವಲಿನ ಆಚೆಯ ಬಿದಿರು ಮೆಳೆಯ ಕಡೆಗೆ ಬೀಸುತ್ತಿತ್ತು, ಹಾಗಾಗಿ ಜಿಂಕೆಗಳ ಮೂಗಿಗೆ ಏನೂ ತಿಳಿಯುವಂತಿರಲಿಲ್ಲ. ಬೋರಣ್ಣ ಮರದ ತುದಿಯಿಂದ ನೋಡಿದ. ಬಿದಿರಿನ ಬುಡದಲ್ಲಿ ಹುಲ್ಲು ಅಲ್ಲಾಡಿತು. ಹಳದಿ ಬಣ್ಣ. ಕಪ್ಪು ಪಟ್ಟೆ.

ಹುಲಿ ಇನ್ನೂ ದೂರದಲ್ಲಿತ್ತು. ಒಂದೇ ಒಂದು ಕೂಗು ಸಾಕಾಗಿತ್ತು. ಅವನ ಗಂಟಲು ತನ್ನಷ್ಟಕ್ಕೆ ಉಬ್ಬಿತು, ಆ ಹಳೆಯ ಒರಟು ಕೂಗು ನಾಲಿಗೆಯ ತುದಿಯವರೆಗೂ ಬಂತು. ಕೆಳಗೆ ಚಿಟ್ಟಿ ಅಮ್ಮನ ಕಾಲಿಗೆ ಒರಗಿ ನಿದ್ದೆ ಮಾಡುತ್ತಿತ್ತು. ಬೋರಣ್ಣ ಅದನ್ನು ನೋಡಿದ. ಬಂದ ಕೂಗನ್ನು ನುಂಗಿಕೊಂಡ. ಮುಖದ ಮೇಲೆ ನಗು ತಂದುಕೊಂಡ. ಅಯ್ಯೋ, ಇದನ್ನು ಹೇಳುವಾಗ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತದೆ.

"ಸಣ್ಣಮ್ಮಾ, ಈ ಸಂಜೆ ಬೆಳಕಿನಲ್ಲಿ ನಿನ್ನ ಮೈಮೇಲಿನ ಚುಕ್ಕೆಗಳು ಎಷ್ಟು ಚೆನ್ನಾಗಿ ಕಾಣುತ್ತಿವೆ."

ಸಣ್ಣಮ್ಮ ತಲೆಯೆತ್ತಿ ನಾಚಿಕೊಂಡಳು. "ಹೌದೇನಣ್ಣ?" ಎನ್ನುತ್ತಾ ಒಮ್ಮೆ ತಿರುಗಿ ತನ್ನ ಬೆನ್ನನ್ನು ತಾನೇ ನೋಡಿಕೊಂಡಳು. ಅಷ್ಟರಲ್ಲಿ ಹುಲಿ ಹುಲ್ಲಿನೊಳಗೆ ಅರ್ಧ ದಾರಿ ಬಂದಿತ್ತು.

"ಒಂದು ಚಿಕ್ಕ ವಿಷಯ ಹೇಳಬೇಕಿತ್ತು. ಬಿದಿರು ಮೆಳೆಯ ಕಡೆಯಿಂದ ಒಬ್ಬರು ಬರುತ್ತಿದ್ದಾರೆ. ಮೈಮೇಲೆ ಪಟ್ಟೆಗಳಿವೆ."

ಜಿಂಕೆಗಳು ಮುಖ ಮುಖ ನೋಡಿಕೊಂಡವು. ಅವನು ನಗುತ್ತಿದ್ದ. ನಗುತ್ತಾ ಹೇಳುವವನ ಮಾತಿನಲ್ಲಿ ಸಾವು ಇದೆಯೆಂದು ಯಾರಿಗೆ ತಾನೇ ಗೊತ್ತಾಗಬೇಕು? ಯಾರೋ ನೆಂಟರಿರಬಹುದು ಎಂದುಕೊಂಡು ಒಂದೆರಡು ಜಿಂಕೆಗಳು ಮತ್ತೆ ಮೇಯತೊಡಗಿದವು.

"ಅಂದ ಹಾಗೆ, ಈ ವರ್ಷ ಹುಲ್ಲು ಬಹಳ..."

ಆ ಮಾತು ಮುಗಿಯಲಿಲ್ಲ. ಹುಲ್ಲು ಸೀಳಿಕೊಂಡು ಹುಲಿ ಎಗರಿತು. ಸಣ್ಣಮ್ಮನಿಗೆ ಸಿಕ್ಕದ್ದು ಕಣ್ಣು ಮಿಟುಕಿಸುವಷ್ಟು ಸಮಯ. ಅಷ್ಟರಲ್ಲಿ ಅವಳು ಓಡಲಿಲ್ಲ, ನಿದ್ದೆಯಲ್ಲಿದ್ದ ಮರಿಯನ್ನು ಹಣೆಯಿಂದ ಆಚೆಗೆ ತಳ್ಳಿದಳು. ಆಗ ಬೋರಣ್ಣನ ಗಂಟಲಿನಿಂದ ಆ ನುಂಗಿದ ಕೂಗು ಒಡೆದು ಹೊರಗೆ ಬಂತು. ಹಿಂಡು ಚೆಲ್ಲಾಪಿಲ್ಲಿಯಾಗಿ ಓಡಿ ಉಳಿದುಕೊಂಡಿತು. ಸಣ್ಣಮ್ಮ ಉಳಿಯಲಿಲ್ಲ.

ಬೋರಣ್ಣ ಕೊಂಬೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬೆರಳು ಬಿಡಿಸಿಕೊಳ್ಳಲು ಅವನಿಗೇ ಆಗಲಿಲ್ಲ. ಕೆಳಗೆ ಚಿಟ್ಟಿ ಅಮ್ಮ ಮಲಗುತ್ತಿದ್ದ ಜಾಗವನ್ನು ಮೂಸುತ್ತಾ ಸುತ್ತುತ್ತಿತ್ತು.

ಕೊನೆಗೆ ಅವನು ಬಿದ್ದು ಎದ್ದು ಸುಭಾಷಿಣಿಯ ಹತ್ತಿರ ಓಡಿದ. ಅಲ್ಲಿ ಅಳಿಲೂ ಮೊಲವೂ ಇದ್ದವು.

"ನೀನು ಹೇಳಿದ ಹಾಗೇ ಮಾಡಿದೆ. ಸಣ್ಣಮ್ಮ ಸತ್ತಳು. ಅವಳ ಮರಿ ಅಲ್ಲಿ ಅಮ್ಮನನ್ನು ಹುಡುಕುತ್ತಿದೆ. ಅದಕ್ಕೆ ನಾನು ಏನು ಹೇಳಲಿ?"

ಸುಭಾಷಿಣಿ ಕತ್ತು ಓರೆ ಮಾಡಿದಳು. ಅದೇ ಗಂಭೀರವಾದ ದನಿಯಲ್ಲಿ ಹೇಳಿದಳು:

"ಬಹಳ ಒಳ್ಳೆಯ ಪ್ರಶ್ನೆ. ಎಲ್ಲರೂ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ."

ಅಳಿಲಿನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಬೋರಣ್ಣ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡಿದ. ಆ ಹಕ್ಕಿಗೆ ಏನೂ ಗೊತ್ತಿರಲಿಲ್ಲ, ಮಕ್ಕಳೇ. ಹುಲಿ ಗೊತ್ತಿರಲಿಲ್ಲ, ಕಾವಲು ಗೊತ್ತಿರಲಿಲ್ಲ. ಜಗುಲಿಯಲ್ಲಿ ಕೇಳಿದ ಸದ್ದನ್ನು ಹಾಗೇ ಒಪ್ಪಿಸುತ್ತಿದ್ದಳು ಅಷ್ಟೆ. ಬೋರಣ್ಣನಿಗೆ ಅವಳನ್ನು ಬೈಯಲೂ ಆಗಲಿಲ್ಲ, ಏಕೆಂದರೆ ಹುಲಿಯನ್ನು ಕಂಡದ್ದು ಅವಳ ಕಣ್ಣಲ್ಲ, ತನ್ನ ಕಣ್ಣು.

ಮರುದಿನ ಹಿಂಡು ಮತ್ತಿ ಮರದ ಕೆಳಗೆ ಸೇರಿತು. ಬೋರಣ್ಣ ಬೈಗುಳಕ್ಕೆ ಕಾದು ಕೂತಿದ್ದ. ಯಾರೂ ಬೈಯಲಿಲ್ಲ. ಮೆತ್ತಗೆ ಹೇಳು ಎಂದು ಕೇಳಿದವರು ಅವರೇ ಅಲ್ಲವೇ? ಅವರಿಗೂ ತಲೆಯೆತ್ತಲು ಆಗುತ್ತಿರಲಿಲ್ಲ. ಈ ಜಾಗಕ್ಕೆ ಇನ್ನು ಬೇರೆ ಯಾರನ್ನಾದರೂ ಕೂರಿಸಿಕೊಳ್ಳಿ, ತಾನು ಹೋಗುತ್ತೇನೆ ಎಂದು ಹೇಳಿ ಅವನು ಮರದಿಂದ ಇಳಿದ.

ಚಿಟ್ಟಿ ಅವನಿಗೆ ಅಡ್ಡ ಬಂದು ನಿಂತಿತು.

"ಹೋಗಬೇಡ ಮಾಮ. ಮೇಲೆ ಕೂತು ಮೊದಲಿನ ಹಾಗೇ ಕೂಗು. ನನಗೆ ಹೆದರಿಕೆ ಆದರೆ ಆಗಲಿ. ನೀನು ನಿನ್ನೆ ಹೆದರಿಸಿದ್ದರೆ ಅಮ್ಮ ಇವತ್ತು ನನ್ನನ್ನು ಸಮಾಧಾನ ಮಾಡುತ್ತಿದ್ದಳು."

ಬೋರಣ್ಣ ಅಳುತ್ತಾ ಮತ್ತೆ ಮರ ಹತ್ತಿದ. ಮುಂದೆ ಹುಲಿ ಬಂದಾಗಲೆಲ್ಲ ಅವನು ಮೊದಲಿಗಿಂತ ಕರ್ಕಶವಾಗಿ, ಕೆರೆಯಾಚೆಗೂ ಕೇಳುವ ಹಾಗೆ ಕೂಗಿದ. ಚಿಟ್ಟಿ ಪ್ರತಿ ಸಲವೂ ಬೆಚ್ಚಿಬೀಳುತ್ತಿತ್ತು. ಬೆಚ್ಚಿ, ಎದ್ದು, ಎಲ್ಲರಿಗಿಂತ ಮುಂದೆ ಓಡುತ್ತಿತ್ತು.

ನೀತಿ: ಹಿತವಾಗಿ ಮಾತಾಡುವುದನ್ನು ಕಲಿಯಿರಿ, ಆದರೆ ಇನ್ನೊಬ್ಬರ ಪ್ರಾಣ ಉಳಿಸುವ ಮಾತನ್ನು, ಅವರಿಗೆ ಇಷ್ಟವಾಗದಿದ್ದರೂ, ಮೊದಲೇ ನೇರವಾಗಿ ಹೇಳಿಬಿಡಿ.